ಕೋ-ಆಪ್ ಪ್ರಿಸ್ಕೂಲಿನಲ್ಲಿ ಆಟ ಹೂಡುವುದು: ವರ್ಕ್ ಡೇ ಮಾಡುವ ಅಪ್ಪ-ಅಮ್ಮಂದಿರಿಗೆ ಸಮಗ್ರ ಮಾರ್ಗದರ್ಶಿ

ಕ್ಯಾಲಿಫೋರ್ನಿಯಾದ ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆ ಕಡೆಯ ಕನ್ನಡದ ಮನೆಗಳಲ್ಲಿ ಮಗುವಿಗೆ ಎರಡೂವರೆ ತುಂಬಿತು ಅಂದರೆ ಪ್ರಿಸ್ಕೂಲಿನ ಮಾತು ಶುರುವಾಗುತ್ತದೆ. ಯಾರೋ ಒಬ್ಬರು "ಕೋ-ಆಪ್ ನೋಡಿ, ಫೀಸ್ ಕಡಿಮೆ" ಅನ್ನುತ್ತಾರೆ. ಕೋ-ಆಪ್ ಅಂದರೆ ಅಪ್ಪ-ಅಮ್ಮಂದಿರೇ ಸೇರಿ ನಡೆಸುವ ಪ್ರಿಸ್ಕೂಲು. ನೋಡಲು ಹೋದರೆ ಅಲ್ಲಿ ಯಾರೂ ಎಬಿಸಿಡಿ ಬರೆಸುತ್ತಿಲ್ಲ. ಮಕ್ಕಳು ಮೊಣಕಾಲವರೆಗೆ ಕೆಸರಲ್ಲಿದ್ದಾರೆ. ಒಬ್ಬ ಅಪ್ಪ ನೆಲದ ಮೇಲೆ ಕೂತು ಸುಮ್ನೆ ನೋಡುತ್ತಿದ್ದಾರೆ. ಇದಕ್ಕೆ ದುಡ್ಡೂ ಕೊಟ್ಟು, ವಾರಕ್ಕೊಂದು ದಿನ ಕೆಲಸವನ್ನೂ ಮಾಡಬೇಕಾ ಅನ್ನಿಸುತ್ತದೆ.

ನನ್ನ ಇಬ್ಬರು ಮಕ್ಕಳೂ ಇಂಥ ಶಾಲೆಯಲ್ಲೇ ಬೆಳೆದರು. ಒಟ್ಟು ನಾಲ್ಕು ವರ್ಷ, ವಾರಕ್ಕೊಂದು ಬೆಳಿಗ್ಗೆ ನಾನೂ ಅಲ್ಲಿ ಕೆಲಸ ಮಾಡಿದೆ. ನೆಲದ ಮೇಲೆ ಸುಮ್ನೆ ಕೂತಿದ್ದ ಆ ಅಪ್ಪ ಆ ಬೆಳಿಗ್ಗೆಯ ಅತಿ ಕಷ್ಟದ ಕೆಲಸ ಮಾಡುತ್ತಿದ್ದರು ಅಂತ ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ದೊಡ್ಡವರ ದುಡಿಮೆಯೆಲ್ಲ ಆಟಕ್ಕೆ ಮೊದಲು ಮತ್ತು ಆಟದ ನಂತರ. ಆಟ ನಡೆಯುವಾಗ ಕೈ ಹಿಂದಕ್ಕಿಟ್ಟುಕೊಳ್ಳುವುದನ್ನು ಕಲಿಯಬೇಕು. ಅದನ್ನು ಹೇಗೆ ಮಾಡುವುದು ಅಂತ ಇಲ್ಲಿ ಬರೆದಿದ್ದೇನೆ.

ಕೋ-ಆಪ್ ಅಂದರೆ ಏನು

ಅಮೆರಿಕದಲ್ಲಿ ಇದು ಶುರುವಾದದ್ದು 1916ರಲ್ಲಿ. ಶಿಕಾಗೊ ವಿಶ್ವವಿದ್ಯಾಲಯದ ಪ್ರೊಫೆಸರುಗಳ ಹೆಂಡತಿಯರು, 12 ಜನ, ಸೇರಿಕೊಂಡು ತಮ್ಮ ಮಕ್ಕಳನ್ನು ಸರದಿಯ ಮೇಲೆ ನೋಡಿಕೊಳ್ಳಲು ಒಂದು ಶಾಲೆ ಮಾಡಿಕೊಂಡರು. ನಮ್ಮ ಕಡೆ ಬರ್ಕ್ಲಿಯಲ್ಲಿ 1927ರಲ್ಲೇ ಇಂಥದೊಂದು ಶುರುವಾಯಿತು. ನ್ಯೂಜಿಲೆಂಡಿನ ವೆಲ್ಲಿಂಗ್ಟನ್ನಿನಲ್ಲಿ 1941ರಲ್ಲಿ, ಗಂಡಸರು ಯುದ್ಧಕ್ಕೆ ಹೋಗಿದ್ದಾಗ, ತಾಯಂದಿರು ಪ್ಲೇಸೆಂಟರ್ ಅನ್ನುವ ಇಂಥದೇ ಶಾಲೆ ಕಟ್ಟಿದರು. ಆಮೇಲೆ ಅದು ಇಡೀ ದೇಶಕ್ಕೆ ಹರಡಿತು.

ಶಾಲೆಯ ಮಾಲೀಕರು ಅಪ್ಪ-ಅಮ್ಮಂದಿರೇ. ಟೀಚರನ್ನು ನೇಮಿಸುವುದು, ಲೆಕ್ಕ ಬರೆಯುವುದು, ಬೇಲಿ ರಿಪೇರಿ, ಮರಳು ತರಿಸುವುದು ಎಲ್ಲ ಅವರದೇ. ಪ್ರತಿ ಮನೆಯಿಂದ ಒಬ್ಬರು ವಾರಕ್ಕೊಂದು ಬೆಳಿಗ್ಗೆ ಬಂದು ಕೆಲಸ ಮಾಡುತ್ತಾರೆ. ಅದೇ ವರ್ಕ್ ಡೇ. ತಿಂಗಳಿಗೊಂದು ಸಂಜೆ ಮೀಟಿಂಗ್ ಇರುತ್ತದೆ. ಕ್ಯಾಲಿಫೋರ್ನಿಯಾದ ನಿಯಮದಂತೆ ಪ್ರಿಸ್ಕೂಲಿನಲ್ಲಿ 12 ಮಕ್ಕಳಿಗೆ ಒಬ್ಬ ಟೀಚರ್ ಇದ್ದರೆ ಸಾಕು. ಕೋ-ಆಪ್‌ನಲ್ಲಿ ಸಾಮಾನ್ಯವಾಗಿ ನಾಲ್ಕೈದು ಮಕ್ಕಳಿಗೆ ಒಬ್ಬ ದೊಡ್ಡವರು ಇರುತ್ತಾರೆ. ಕೆಸರು, ಸುತ್ತಿಗೆ, ನೀರು ಎಲ್ಲವನ್ನೂ ಮಕ್ಕಳ ಕೈಗೆ ಕೊಡಲು ಆಗುವುದು ಇದರಿಂದಲೇ.

ಫೀಸ್ ಕಡಿಮೆ ನಿಜ. ಉಳಿದದ್ದನ್ನು ನಿಮ್ಮ ಸಮಯದಲ್ಲಿ ಕೊಡುತ್ತೀರಿ. ಗಂಡ-ಹೆಂಡತಿ ಇಬ್ಬರಿಗೂ ಬಿಡುವಿಲ್ಲದ ಕೆಲಸವಿದ್ದರೆ ಸೇರುವ ಮೊದಲೇ ಕೂತು ಮಾತಾಡಿ. ವರ್ಕ್ ಡೇಗೆ ಅಜ್ಜಿ-ತಾತ ಬರಬಹುದಾ ಅಂತಲೂ ಕೇಳಿ, ಕೆಲವು ಕಡೆ ಒಪ್ಪುತ್ತಾರೆ. ಊರಿಂದ ಆರು ತಿಂಗಳಿಗೆ ಬಂದು ಮನೆಯಲ್ಲೇ ಬೇಜಾರಾಗಿ ಕೂತಿರುವ ತಾತನಿಗೆ ಇದಕ್ಕಿಂತ ಒಳ್ಳೆಯ ಬೆಳಿಗ್ಗೆ ಸಿಗುವುದಿಲ್ಲ ಅಂತ ನಾನು ನಂಬುತ್ತೇನೆ.

ಶಾಲೆ ನೋಡಲು ಹೋದಾಗ ಎರಡು ವಿಷಯ ಗಮನಿಸಿ. ಒಂದು, ಗೋಡೆ. 20 ಮಕ್ಕಳ 20 ಚಿತ್ರ ಒಂದೇ ಥರ ಇದ್ದರೆ ಅವನ್ನು ಮಾಡಿದ್ದು ದೊಡ್ಡವರು. ಎರಡು, ಅಂಗಳ. ಒಳಗೆ ಮಗುವಿಗೆ 35 ಚದರ ಅಡಿ ಇದ್ದರೆ ಹೊರಗೆ 75 ಇರಬೇಕು ಅಂತ ರಾಜ್ಯದ ನಿಯಮವೇ ಹೇಳುತ್ತದೆ. ಅಷ್ಟು ಜಾಗ ಬರಿ ಸ್ಲೈಡ್ ಮತ್ತು ಹುಲ್ಲಾಗಿದ್ದರೆ ಸಾಲದು. ಅಗೆಯಲು ಮಣ್ಣು, ಎತ್ತಿ ಸಾಗಿಸಲು ಹಲಗೆ, ಟೈರು ಇವೆಯಾ ನೋಡಿ.

ಮೊದಲು ಕಾಗದ-ಪತ್ರ

ಇದು ಬೇಸರದ ಭಾಗ. ಆದರೆ ನಮ್ಮವರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. 2016ರ ಸೆಪ್ಟೆಂಬರಿನಿಂದ ಕ್ಯಾಲಿಫೋರ್ನಿಯಾದಲ್ಲಿ ಡೇಕೇರ್, ಪ್ರಿಸ್ಕೂಲುಗಳಲ್ಲಿ ಕೆಲಸ ಮಾಡುವವರಿಗೂ ವಾಲಂಟಿಯರುಗಳಿಗೂ ದಡಾರ, ನಾಯಿಕೆಮ್ಮು ಮತ್ತು ಫ್ಲೂ ಲಸಿಕೆಯ ದಾಖಲೆ ಬೇಕು. ಫ್ಲೂ ಒಂದನ್ನು ಮಾತ್ರ ಬೇಡ ಅಂತ ಬರೆದುಕೊಡಬಹುದು. ಟಿಬಿ ಇಲ್ಲ ಅನ್ನುವುದಕ್ಕೂ ಪತ್ರ ಕೇಳುತ್ತಾರೆ.

ನಮ್ಮ ಬಾಲ್ಯದ ಲಸಿಕೆ ಕಾರ್ಡು ಊರಿನ ಯಾವ ಟ್ರಂಕಿನಲ್ಲಿದೆಯೋ ಗೊತ್ತಿಲ್ಲ ಅಲ್ವಾ? ದಡಾರಕ್ಕೆ ರಕ್ತ ಪರೀಕ್ಷೆ ಮಾಡಿಸಿ, ರೋಗನಿರೋಧಕ ಶಕ್ತಿ ಇದೆ ಅಂತ ತೋರಿಸಬಹುದು. ಇಲ್ಲವೇ ಡಾಕ್ಟರನ್ನು ಕೇಳಿ ಲಸಿಕೆಯನ್ನೇ ಮತ್ತೆ ಹಾಕಿಸಿಕೊಳ್ಳಬಹುದು. ಟಿಬಿ ವಿಷಯದಲ್ಲಿ ಇನ್ನೊಂದು ಎಚ್ಚರ. ನಮ್ಮ ತೋಳಿನ ಮೇಲೆ ಬಿಸಿಜಿ, ಅಂದರೆ ಟಿಬಿ ಬರದಂತೆ ಹಾಕುವ ಲಸಿಕೆಯ ಕಲೆ ಇರುತ್ತದೆ. ಆ ಲಸಿಕೆಯಿಂದಾಗಿ ಚರ್ಮದ ಪರೀಕ್ಷೆ ಸುಳ್ಳೇ ಪಾಸಿಟಿವ್ ಬರಬಹುದು. ಡಾಕ್ಟರಿಗೆ ಬಿಸಿಜಿ ಆಗಿದೆ ಅಂತ ಮೊದಲೇ ಹೇಳಿ, ರಕ್ತ ಪರೀಕ್ಷೆ ಕೇಳಿ. ನನಗೆ ಯಾರೂ ಇದನ್ನು ಹೇಳಿರಲಿಲ್ಲ. ಚರ್ಮದ ಪರೀಕ್ಷೆ, ಆಮೇಲೆ ಎಕ್ಸ್‌ರೇ ಅಂತ ಓಡಾಡಿ ಮೂರು ವಾರ ತಡವಾಯಿತು.

ಹಿಂದಿನ ದಿನ: ಜಾಗ ಸಿದ್ಧ ಮಾಡುವುದು

ಪ್ರತಿ ವರ್ಕ್ ಡೇಯಲ್ಲೂ ನಿಮಗೆ ಒಂದು ಜಾಗ ಕೊಡುತ್ತಾರೆ. ಬ್ಲಾಕ್ಸ್, ಪ್ಲೇ ಡೋ (ಮಕ್ಕಳು ಆಡುವ ಮೆತ್ತನೆಯ ಹಿಟ್ಟು), ಬಣ್ಣ, ವಾಟರ್ ಟೇಬಲ್ (ನೀರಾಟದ ತೊಟ್ಟಿ), ಮನೆಯಾಟ, ಅಂಗಳ, ತಿಂಡಿ, ಹೀಗೆ. ಯಾವುದು ಅಂತ ಹಿಂದಿನ ದಿನವೇ ಟೀಚರಿಗೆ ಕೇಳಿ. ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: "ಈ ವಾರ ಮಕ್ಕಳು ಯಾವುದರ ಹಿಂದೆ ಬಿದ್ದಿದ್ದಾರೆ?" ಕಸದ ಲಾರಿ ಅಂದರೆ ಬ್ಲಾಕ್ಸ್ ಪಕ್ಕ ಒಂದು ಪುಟ್ಟ ಲಾರಿ, ಹರಿದ ಕಾಗದದ ಚೂರು ಇಡಿ. ಅಷ್ಟು ಸಾಕು.

ಬ್ಲಾಕ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಅದರ ಮೇಲೆ ನನಗೆ ಪ್ರೀತಿ ಜಾಸ್ತಿ. ಇಲ್ಲಿನ ಪ್ರಿಸ್ಕೂಲುಗಳಲ್ಲಿ ಕಾಣುವ ಬಣ್ಣವಿಲ್ಲದ ಮರದ ತುಂಡುಗಳನ್ನು ರೂಪಿಸಿದ್ದು ಕ್ಯಾರೊಲಿನ್ ಪ್ರಾಟ್. 1914ರಲ್ಲಿ ನ್ಯೂಯಾರ್ಕಿನಲ್ಲಿ ಶಾಲೆ ತೆರೆದವರು. ಮೂಲ ತುಂಡು 5½ ಇಂಚು ಉದ್ದ, 2¾ ಇಂಚು ಅಗಲ, 1⅜ ಇಂಚು ದಪ್ಪ. ದಪ್ಪದ ಎರಡರಷ್ಟು ಅಗಲ, ಅಗಲದ ಎರಡರಷ್ಟು ಉದ್ದ. ಉಳಿದವು ಇದರ ಅರ್ಧ, ಎರಡರಷ್ಟು, ನಾಲ್ಕರಷ್ಟು. ಸೇತುವೆಗೆ ಉದ್ದದ ತುಂಡು ಖಾಲಿಯಾದಾಗ ನಾಲ್ಕು ವರ್ಷದ ಮಗು ಎರಡು ಚಿಕ್ಕದನ್ನು ಜೋಡಿಸಿ ನೋಡುತ್ತದೆ. ಸರಿಯಾಗಿ ಕೂರುತ್ತದೆ! ಅರ್ಧ-ಅರ್ಧ ಸೇರಿದರೆ ಒಂದು ಅನ್ನುವುದು ಅದರ ಕೈಗೆ ಗೊತ್ತಾಯಿತು. ಆ ಕ್ಷಣದಲ್ಲಿ ನೀವು "ನೋಡು, ಇದಕ್ಕೆ ಹಾಫ್ ಅಂತಾರೆ" ಅಂತ ಬಾಯಿ ಹಾಕಬೇಡಿ. ಹೆಸರು ಆಮೇಲೆ ಬಂದರೂ ನಡೆಯುತ್ತದೆ.

ಸಿದ್ಧತೆ ಇಷ್ಟೇ. ತುಂಡುಗಳನ್ನು ಗಾತ್ರದ ಪ್ರಕಾರ ಕಪಾಟಿನಲ್ಲಿ ಜೋಡಿಸಿ, ಉದ್ದ ಎದುರಿಗೆ ಕಾಣುವ ಹಾಗೆ. ಬುಟ್ಟಿಯಲ್ಲಿ ಸುರಿದಿಟ್ಟರೆ ಮಕ್ಕಳು ಹುಡುಕುವುದರಲ್ಲೇ ಸೋತುಹೋಗುತ್ತಾರೆ. ಕಪಾಟಿನಿಂದ ಎರಡು ಅಡಿ ದೂರಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ, ಕಟ್ಟುವುದೆಲ್ಲ ಗೆರೆಯ ಆಚೆ. ಇಲ್ಲದಿದ್ದರೆ ತುಂಡು ತೆಗೆಯಲು ಬಂದವರ ಕಾಲು ತಾಗಿ ಗೋಪುರ ಬೀಳುತ್ತದೆ, ಬೆಳಿಗ್ಗೆಯೆಲ್ಲ ಜಗಳ ಬಿಡಿಸುವುದೇ ಆಗುತ್ತದೆ.

ಪ್ಲೇ ಡೋ ಅಂಗಡಿಯಿಂದ ತರಬೇಡಿ. 2 ಕಪ್ ಮೈದಾ, 1 ಕಪ್ ಉಪ್ಪು, 4 ಟೀ ಚಮಚ ಕ್ರೀಮ್ ಆಫ್ ಟಾರ್ಟರ್ (ಬೇಕಿಂಗಿಗೆ ಬಳಸುವ ಹುಳಿ ಪುಡಿ), 2 ದೊಡ್ಡ ಚಮಚ ಎಣ್ಣೆ, 2 ಕಪ್ ನೀರು. ಎಲ್ಲ ಬೆರೆಸಿ, ಸಣ್ಣ ಉರಿಯಲ್ಲಿ ರಾಗಿ ಮುದ್ದೆ ತೊಳಸಿದ ಹಾಗೆ ತೊಳಸಿ. ತಳ ಬಿಟ್ಟು ಉಂಡೆಯಾದಾಗ ಇಳಿಸಿ ನಾದಿ. ಡಬ್ಬದಲ್ಲಿ ಮುಚ್ಚಿಟ್ಟರೆ ವಾರಗಟ್ಟಲೆ ಇರುತ್ತದೆ. ಗೋಧಿ ಅಲರ್ಜಿ ಇರುವ ಮಗು ಇದೆಯಾ ಅಂತ ಮೊದಲು ಕೇಳಿ, ಇದ್ದರೆ ಅಕ್ಕಿ ಹಿಟ್ಟಿನಲ್ಲಿ ಮಾಡಿ. ಜೊತೆಗೆ ಪ್ಲಾಸ್ಟಿಕ್ ಅಚ್ಚು ಬೇಡ. ಲಟ್ಟಣಿಗೆ, ಚಕ್ಕುಲಿ ಒರಳು, ಗಟ್ಟಿ ಕಡ್ಡಿ ಇಡಿ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಮಣೆಗಳಿದ್ದರೆ ಅವನ್ನು ತನ್ನಿ. ಕಬ್ಬಿಣದ ಒರಳಿನ ಹಿಡಿ ತಿರುಗಿಸಲು ಇಬ್ಬರು ಬೇಕಾಗುತ್ತದೆ. ಒಬ್ಬರು ಒತ್ತಿ ಹಿಡಿಯಬೇಕು, ಇನ್ನೊಬ್ಬರು ತಿರುಗಿಸಬೇಕು. ಒಬ್ಬರಿಗೊಬ್ಬರು ಮಾತಾಡದ ಇಬ್ಬರು ಹುಡುಗರು ಸ್ನೇಹಿತರಾದದ್ದು ನಮ್ಮ ಮನೆಯ ಚಕ್ಕುಲಿ ಒರಳಿನಿಂದ.

ಇನ್ನು ಸೆನ್ಸರಿ ಟೇಬಲ್, ಅಂದರೆ ಕೈಯಾಡಿಸಲು ಏನಾದರೂ ತುಂಬಿಡುವ ತೊಟ್ಟಿ. ಅಕ್ಕಿ, ಬೇಳೆ, ಪಾಸ್ತಾ ಹಾಕುವ ಅಭ್ಯಾಸ ಹಲವು ಕಡೆ ಇದೆ. ನಮ್ಮತ್ತೆ ಒಮ್ಮೆ ಶಾಲೆಗೆ ಬಂದವರು ನೆಲದ ಮೇಲೆ ಚೆಲ್ಲಿದ ಅಕ್ಕಿ ನೋಡಿ ಕಾಲಿಡಲು ಆಗದೆ ಬಾಗಿಲಲ್ಲೇ ನಿಂತರು. ಅನ್ನ ತುಳಿಯಬಾರದು ಅಂತ ಬೆಳೆದವರು ನಾವು. ನಾನು ಮೀಟಿಂಗಿನಲ್ಲಿ ಇದನ್ನು ಹೇಳಿದೆ. ಇನ್ನೂ ಮೂರು ಮನೆಯವರು, ಬೇರೆ ಬೇರೆ ದೇಶದವರು, ತಮಗೂ ಹಾಗೇ ಅನ್ನಿಸುತ್ತಿತ್ತು ಅಂದರು. ಅವತ್ತಿನಿಂದ ಅಕ್ಕಿ ನಿಂತಿತು. ಮರಳು, ಮರದ ಹೊಟ್ಟು, ಒಣ ಎಲೆ, ಮಂಜುಗಡ್ಡೆ ಬಂದವು. ಕೋ-ಆಪ್‌ನಲ್ಲಿ ನಿಮಗೆ ಏನಾದರೂ ಸರಿಯಿಲ್ಲ ಅನ್ನಿಸಿದರೆ ಹೇಳುವ ಹಕ್ಕಿದೆ. ಹೇಳಿ.

ಮನೆಯಾಟದ ಮೂಲೆಗೆ ಕನ್ನಡದ ಮನೆಯೂ ಬರಲಿ. ಇಡ್ಲಿ ತಟ್ಟೆ, ಸೌಟು, ಮೊರ, ಹಳೆಯ ದುಪಟ್ಟಾ. ಚನ್ನಪಟ್ಟಣದ ಗೊಂಬೆಗಳೂ ಚೆನ್ನ, ಆದರೆ ಅಡುಗೆ ಸೆಟ್ಟಿನ ಪುಟ್ಟ ಪಾತ್ರೆಗಳು ಮೂರು ವರ್ಷದೊಳಗಿನವರ ಬಾಯಿಗೆ ಹೋಗಬಹುದು. ಟಾಯ್ಲೆಟ್ ಪೇಪರಿನ ರಟ್ಟಿನ ಕೊಳವೆಯಲ್ಲಿ ತೂರುವಷ್ಟು ಚಿಕ್ಕ ವಸ್ತು ಆ ವಯಸ್ಸಿನವರಿಗೆ ಬೇಡ.

ಆಟದ ಹೊತ್ತು: ಕೂರುವುದು, ನೋಡುವುದು, ಕಾಯುವುದು

ನೆಲದ ಮೇಲೆ ಕೂರಿ. ನಿಂತಿರುವ ದೊಡ್ಡವರು ಪೊಲೀಸರ ಹಾಗೆ ಕಾಣುತ್ತಾರೆ. ಬೆನ್ನು ಗೋಡೆಗಿರಲಿ, ಆಗ ಎಲ್ಲ ಮಕ್ಕಳೂ ಕಾಣುತ್ತಾರೆ. ಫೋನು ಚೀಲದಲ್ಲೇ ಇರಲಿ.

ಮಗು ಏನೋ ಮಾಡಲು ಒದ್ದಾಡುತ್ತಿದೆ. ನಿಮ್ಮ ಕೈ ತಾನಾಗೇ ಮುಂದೆ ಹೋಗುತ್ತದೆ. ಮನಸ್ಸಿನಲ್ಲೇ 10ರವರೆಗೆ ಎಣಿಸಿ. ಅಷ್ಟರಲ್ಲಿ ಮಗು ತಾನೇ ದಾರಿ ಹುಡುಕಿರುತ್ತದೆ, ಇಲ್ಲವೇ ಪಕ್ಕದ ಮಗುವನ್ನು ಕರೆದಿರುತ್ತದೆ. ನಿಮ್ಮನ್ನೇ ಕೇಳಿದರೆ ಸಹಾಯ ಮಾಡಿ, ಬೇಕಾದಷ್ಟು ಮಾತ್ರ. ಮುಚ್ಚಳ ತೆಗೆದುಕೊಡು ಅಂದರೆ ಸ್ವಲ್ಪ ಸಡಿಲ ಮಾಡಿಕೊಡಿ.

ಮಾತಾಡುವ ರೀತಿಯನ್ನೂ ಬದಲಿಸಬೇಕು. ಚಿತ್ರ ತೋರಿಸಿದರೆ "ಸೂಪರ್!" ಅಂದುಬಿಡುತ್ತೇವೆ. ಮಾತು ಅಲ್ಲಿಗೇ ಮುಗಿಯಿತು. "ಇದೇನು?" ಅಂದರೆ ಏನಾದರೂ ಆಗಿರಲೇಬೇಕು ಅನ್ನುವ ಒತ್ತಾಯ. ಕಂಡದ್ದನ್ನು ಹೇಳಿ ನೋಡಿ: "ಈ ನೀಲಿ ಗೆರೆ ಕೆಳಗಿನವರೆಗೂ ಹರಿದಿದೆ." ಆಮೇಲೆ ಸುಮ್ಮನಿರಿ. ಮಗು ಕತೆ ಶುರು ಮಾಡುತ್ತದೆ. ಕನ್ನಡ ಗೊತ್ತಿರುವ ಮಗುವಿನ ಜೊತೆ ಧಾರಾಳವಾಗಿ ಕನ್ನಡದಲ್ಲೇ ಮಾತಾಡಿ. ಗೊತ್ತಿಲ್ಲದ ಮಕ್ಕಳು ಜೊತೆಗಿದ್ದರೆ ಅದನ್ನೇ ಇಂಗ್ಲಿಷಿನಲ್ಲೂ ಒಮ್ಮೆ ಹೇಳಿ, ಯಾರೂ ಹೊರಗುಳಿದ ಹಾಗೆ ಆಗಬಾರದು.

"ನಮ್ಮ ಮಗು ಒಬ್ಬಳೇ ಆಡ್ತಾಳೆ, ಯಾರ ಜೊತೆಗೂ ಸೇರಲ್ಲ" ಅನ್ನುವ ಚಿಂತೆ ಎಲ್ಲರಿಗೂ ಇರುತ್ತದೆ. 1932ರಲ್ಲಿ ಮಿಲ್ಡ್ರೆಡ್ ಪಾರ್ಟನ್ ಎಂಬ ಅಮೆರಿಕದ ಸಂಶೋಧಕಿ ಮಕ್ಕಳ ಆಟವನ್ನು ಹಂತಗಳಾಗಿ ವಿಂಗಡಿಸಿದರು. ಒಂಟಿಯಾಗಿ ಆಡುವುದು, ನಿಂತು ನೋಡುವುದು, ಪಕ್ಕಪಕ್ಕದಲ್ಲಿ ತಮ್ಮ ಪಾಡಿಗೆ ಆಡುವುದು, ಆಮೇಲೆ ಸೇರಿ ಆಡುವುದು. ನಿಂತು ನೋಡುವುದನ್ನೂ ಅವರು ಈ ಪಟ್ಟಿಯಲ್ಲಿ ಸೇರಿಸಿದ್ದು ನನಗೆ ತುಂಬ ಸಮಾಧಾನ ಕೊಟ್ಟಿತು. ನನ್ನ ಮಗಳು ಮೂರು ವಾರ ಮರಳಿನ ಗುಂಡಿಯ ಅಂಚಿನಲ್ಲಿ ನಿಂತೇ ಇದ್ದಳು. ಕರೆಯಬೇಡಿ ಅಂದರು ಟೀಚರ್. ನನಗೆ ಹೊಟ್ಟೆ ಉರಿಯುತ್ತಿತ್ತು. ನಾಲ್ಕನೇ ವಾರ ಅವಳೇ ಒಂದು ಬಕೆಟ್ ನೀರು ಹೊತ್ತು ತಂದು, ಕಾಲುವೆಗೆ ಸುರಿದಳು. ಆ ಕಾಲುವೆಗೆ ಎಲ್ಲಿ ನೀರು ಬೇಕು ಅಂತ ಅವಳಿಗೆ ಸರಿಯಾಗಿ ಗೊತ್ತಿತ್ತು. ಮೂರು ವಾರ ಅವಳು ಅದನ್ನೇ ನೋಡಿದ್ದಳು.

ರಷ್ಯಾದ ಮನಶ್ಶಾಸ್ತ್ರಜ್ಞ ವೈಗೊಟ್ಸ್ಕಿ, ಆಟದಲ್ಲಿ ಮಗು ತನಗಿಂತ ಒಂದು ತಲೆ ಎತ್ತರ ಇರುತ್ತದೆ ಅಂದಿದ್ದರು. ಅದನ್ನು ಕಣ್ಣಾರೆ ನೋಡಬೇಕಾದರೆ ಬಸ್ಸಾಟ ನೋಡಿ. ಮನೆಯಲ್ಲಿ ಒಂದು ನಿಮಿಷ ಸುಮ್ಮನೆ ಕೂರದ ಮಗು, ಕಂಡಕ್ಟರ್ ಟಿಕೆಟ್ ಕೊಡುವವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ.

ಜಗಳ ಬಂದಾಗ

ಬಂದೇ ಬರುತ್ತದೆ. ಒಂದೇ ಸಲಿಕೆ, ಇಬ್ಬರು ಮಕ್ಕಳು. ನಮಗೆ ಗೊತ್ತಿರುವ ದಾರಿ ಎರಡು: ಸಲಿಕೆ ಕಿತ್ತುಕೊಳ್ಳುವುದು, ಅಥವಾ "ಸಾರಿ ಹೇಳು" ಅನ್ನುವುದು. ಎರಡರಿಂದಲೂ ಮಕ್ಕಳು ಏನೂ ಕಲಿಯುವುದಿಲ್ಲ.

ಮೊದಲು ಹತ್ತಿರ ಹೋಗಿ ಮೊಣಕಾಲೂರಿ. ಹೊಡೆಯುವ ಕೈಯನ್ನು ಮೆಲ್ಲಗೆ ತಡೆಯಿರಿ. "ಸಲಿಕೆ ನನ್ನ ಹತ್ತಿರ ಇರಲಿ, ಮಾತಾಡೋಣ" ಅನ್ನಿ. ಆಮೇಲೆ ಇಬ್ಬರ ಮನಸ್ಸನ್ನೂ ಹೇಳಿ: "ನಿಂಗೆ ಸಿಟ್ಟು ಬಂದಿದೆ. ನಿಂಗೆ ಅಳು ಬರ್ತಿದೆ." ಏನಾಯಿತು ಅಂತ ಇಬ್ಬರನ್ನೂ ಕೇಳಿ, ಯಾರು ಮೊದಲು ಅಂತ ತನಿಖೆ ಬೇಡ. ಕೇಳಿದ್ದನ್ನು ಒಂದೇ ಮಾತಿನಲ್ಲಿ ಇಡಿ: "ಸಲಿಕೆ ಒಂದು, ಬೇಕಾದವರು ಇಬ್ಬರು." ಏನು ಮಾಡೋಣ ಅಂತ ಅವರನ್ನೇ ಕೇಳಿ, ಕಾಯಿರಿ. ಅವರು ಹೇಳುವ ಉಪಾಯ ನಿಮಗೆ ನ್ಯಾಯ ಅನ್ನಿಸದೇ ಇರಬಹುದು. ಒಮ್ಮೆ ಒಬ್ಬ ಹುಡುಗ "ನಾನು ಅಗೀತೀನಿ, ನೀನು ಹುಳ ಇಟ್ಕೋ" ಅಂದ. ಇನ್ನೊಬ್ಬ ಖುಷಿಯಾಗಿ ಒಪ್ಪಿದ. ಇಬ್ಬರೂ ಒಪ್ಪಿದರೆ ಮುಗಿಯಿತು. ಐದು ನಿಮಿಷ ಬಿಟ್ಟು ಒಮ್ಮೆ ಹಣಿಕಿ ನೋಡಿ.

ನಿಮ್ಮ ಸ್ವಂತ ಮಗುವಿನ ವಿಷಯ ಬೇರೆ. ನಿಮ್ಮ ವರ್ಕ್ ಡೇಯಲ್ಲೇ ಅದು ಜಾಸ್ತಿ ಹಟ ಮಾಡುತ್ತದೆ. ಅಮ್ಮ ಇಲ್ಲೇ ಇದ್ದಾಳೆ, ಆದರೆ ಬೇರೆಯವರ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಾಳೆ. ಸಣ್ಣ ಸಂಕಟವಲ್ಲ ಅದು. ಆ ದಿನ ಅದಕ್ಕೆ ಒಂದು ಕೆಲಸ ಕೊಡಿ, ಉದಾಹರಣೆಗೆ ನಿಮ್ಮ ಬುಟ್ಟಿ ಹೊರುವುದು. ನಿಮ್ಮ ಮಗು ಜಗಳದಲ್ಲಿದ್ದರೆ ಇನ್ನೊಬ್ಬ ಅಪ್ಪನನ್ನೋ ಅಮ್ಮನನ್ನೋ ಕರೆದು ಅವರಿಗೆ ಬಿಡಿ. ಈ ಒಂದು ನಿಯಮದಿಂದ ಮನೆಮನೆಗಳ ನಡುವಿನ ಎಷ್ಟೋ ಮನಸ್ತಾಪ ತಪ್ಪುತ್ತದೆ.

ತಿಂಡಿ ಮತ್ತು ಸುರಕ್ಷತೆ

ಅಲರ್ಜಿ ಪಟ್ಟಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿರುತ್ತಾರೆ, ಪ್ರತಿ ಸಲವೂ ಓದಿ. ನಮ್ಮ ತಿಂಡಿಗಳಲ್ಲಿ ಕಣ್ಣಿಗೆ ಬೀಳದ ಅಪಾಯಗಳಿವೆ. ಅವಲಕ್ಕಿಯಲ್ಲಿ ಕಡಲೆಬೀಜ, ಉಪ್ಪಿಟ್ಟಿನಲ್ಲಿ ಗೋಡಂಬಿ. ಎಳ್ಳನ್ನು 2023ರಿಂದ ಅಮೆರಿಕದಲ್ಲಿ ಪ್ರಮುಖ ಅಲರ್ಜಿ ಪದಾರ್ಥಗಳ ಸಾಲಿಗೆ ಸೇರಿಸಿದ್ದಾರೆ. ಹಾಗಾಗಿ ಸಂಕ್ರಾಂತಿಗೆ ಎಳ್ಳು-ಬೆಲ್ಲ ಹಂಚುವ ಆಸೆ ಇದ್ದರೂ ಬಿಡಿ. ಅದರಲ್ಲಿ ಎಳ್ಳೂ ಇದೆ, ಕಡಲೆಬೀಜವೂ ಇದೆ, ಗಂಟಲಿಗೆ ಸಿಕ್ಕುವ ಹುರಿಗಡಲೆಯೂ ಇದೆ. ಅವತ್ತು ಪ್ಲೇ ಡೋ ಜೊತೆ ಸಕ್ಕರೆ ಅಚ್ಚಿನ ಮಣೆ ಇಡಿ, ಹಬ್ಬ ಹಾಗೂ ಬರುತ್ತದೆ.

ಪುಟ್ಟ ಇಡ್ಲಿ ಎಲ್ಲ ಮಕ್ಕಳಿಗೂ ಇಷ್ಟ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಬಾಳೆಹಣ್ಣನ್ನು ಮಕ್ಕಳೇ ಕತ್ತರಿಸಲಿ, ಬೆಣ್ಣೆ ಸವರುವ ಮೊಂಡ ಚಾಕು ಸಾಕು.

ನೀರಿನ ಹತ್ತಿರ ಮಾತ್ರ ಒಂದು ಕ್ಷಣವೂ ಬಿಟ್ಟು ಹೋಗಬೇಡಿ. ಎರಡು ಇಂಚು ನೀರಿನಲ್ಲೂ ಮಗು ಮುಳುಗಬಹುದು. ನೀವು ಏಳಬೇಕಾದರೆ ಇನ್ನೊಬ್ಬರ ಹೆಸರು ಹಿಡಿದು ಕರೆದು, ಅವರು "ಹೂಂ" ಅಂದ ಮೇಲೆ ಏಳಿ.

ಮನೆಗೆ ಹೋಗುವ ಮೊದಲು ಎರಡು ಸಾಲು

ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಿ. ಕಂಡದ್ದನ್ನು ಮಾತ್ರ ಬರೆಯಿರಿ. "ಬುದ್ಧಿವಂತೆ" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಐದು ತಟ್ಟೆ ತಂದಳು. ಒಂದು ಕುರ್ಚಿಗೆ ತಟ್ಟೆ ಇಲ್ಲ ಅಂತ ನೋಡಿ, ಹೋಗಿ ಒಂದೇ ತಂದಳು." ಇದು ಲೆಕ್ಕ. ಬೆಂಗಳೂರಿನಿಂದ ಫೋನ್ ಮಾಡಿ "ಇವತ್ತು ಏನು ಕಲಿಸಿದರು?" ಅಂತ ಕೇಳುವ ಅಜ್ಜಿಗೆ ಈ ಎರಡು ಸಾಲು ಓದಿ ಹೇಳಿ. ನಮ್ಮಮ್ಮ ಮೊದಮೊದಲು ಸುಮ್ಮನಾಗುತ್ತಿದ್ದರು. ಆಮೇಲೆ ದಿನಾ "ಇವತ್ತಿನದು ಓದು" ಅಂತ ಅವರೇ ಕೇಳತೊಡಗಿದರು.

ಹತ್ತಿರದಲ್ಲಿ ಕೋ-ಆಪ್ ಇಲ್ಲದಿದ್ದರೆ

ಸಣ್ಣದಾಗಿ ನೀವೇ ಶುರು ಮಾಡಬಹುದು. ಹಣ ಪಡೆಯದೆ, ಅಪ್ಪ-ಅಮ್ಮಂದಿರು ಸರದಿಯ ಮೇಲೆ ಒಬ್ಬರ ಮಕ್ಕಳನ್ನು ಒಬ್ಬರು ನೋಡಿಕೊಳ್ಳುವ ಗುಂಪಿಗೆ ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಬೇಡ, ಒಂದು ಸಲಕ್ಕೆ ಒಂದು ಕಡೆ 12ಕ್ಕಿಂತ ಜಾಸ್ತಿ ಮಕ್ಕಳಿರಬಾರದು. ನೋಡಿಕೊಳ್ಳುವವರು ಗುಂಪಿನ ಒಂದಾದರೂ ಮಗುವಿನ ತಂದೆ, ತಾಯಿ, ಅಜ್ಜಿ, ತಾತ, ಚಿಕ್ಕಮ್ಮ, ಮಾವ ಹೀಗೆ ಹತ್ತಿರದವರಾಗಿರಬೇಕು. ಶುರು ಮಾಡುವ ಮೊದಲು ನಿಮ್ಮ ಊರಿನ ಲೈಸೆನ್ಸಿಂಗ್ ಆಫೀಸಿಗೆ ಒಂದು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ನಾಲ್ಕು ಮನೆ ಸೇರಿದರೆ ಸಾಕು. ವಾರಕ್ಕೆ ಎರಡು ಬೆಳಿಗ್ಗೆ, ಯಾರದಾದರೂ ಹಿತ್ತಲಿನಲ್ಲಿ. ಪ್ರತಿ ಸಲ ಇಬ್ಬರು ದೊಡ್ಡವರು ಇರಲಿ, ಒಬ್ಬರೇ ಬೇಡ. ಮೊದಲ ದಿನ ಆಟಿಕೆ ಕೊಳ್ಳಲು ಹೋಗಬೇಡಿ. ನಾಲ್ಕು ಬಕೆಟ್, ನಾಲ್ಕು ಸೌಟು, ಒಂದು ರಾಶಿ ಮಣ್ಣು, ಅರ್ಧ ಬಕೆಟ್ ನೀರು. ಬದಲಿ ಬಟ್ಟೆ ಮಾತ್ರ ಪ್ರತಿ ಮಗುವಿಗೂ ಎರಡು ಜೊತೆ ತರಲು ಹೇಳಿ.